ಎರಡು ಬೆರಳಿನ ಲೆಕ್ಕ

ರೋಣದ ನನ್ನ ಗ್ಯಾರೇಜಿನ ಗೋಡೆಗೆ ಮುರಿದ ಸ್ಪ್ರಿಂಗ್ ಒಂದನ್ನು ತೂಗುಹಾಕಿದ್ದೇನೆ. ಪ್ರೀಮಿಯರ್ ಪದ್ಮಿನಿಯ ಮುಂದಿನ ಎಡಗಡೆ ಸ್ಪ್ರಿಂಗ್ ಅದು. ತುಕ್ಕು ಹಿಡಿದಿದೆ. ಎಣ್ಣೆ ಬಟ್ಟೆಯಿಂದ ಒರೆಸಿದರೆ ತುದಿಯ ಹತ್ತಿರ ನೀಲಿ ಛಾಯೆ ಇನ್ನೂ ಕಾಣುತ್ತದೆ. ಮುರಿದದ್ದು ಅಲ್ಲೇ. ಗಾಡಿ ಇಳಿಸಿಕೊಡಿ ಎಂದು ಬರುವ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ.

ಹಾಗೆ ಬರುವವರು ಬಹಳ. ನರಗುಂದದಿಂದ, ಗಜೇಂದ್ರಗಡದಿಂದ, ನಡುವಿನ ಹಳ್ಳಿಗಳಿಂದ ಬರುತ್ತಾರೆ. ಅಪ್ಪನ ಕಾಲದ ಮಾರುತಿ 800, ಗುಜರಿಗೆ ಹೋಗುವುದನ್ನು ತಪ್ಪಿಸಿ ತಂದ ಝೆನ್, ಎಸ್ಟೀಮ್, ಅಪರೂಪಕ್ಕೆ ಒಂದು ಪದ್ಮಿನಿ. ಹೊಸ ಗಾಡಿ ಕೊಳ್ಳಲಾಗದ ಮನೆಯ ಹುಡುಗ ಇರುವುದನ್ನೇ ಚಂದ ಮಾಡಿಕೊಳ್ಳಬೇಕು ಅನ್ನುತ್ತಾನೆ. ಅದರಲ್ಲಿ ತಪ್ಪೇನಿಲ್ಲ. ನೆಲಕ್ಕೆ ಒತ್ತಿ ನಿಂತ ಹಳೆಯ ಗಾಡಿಯ ನಿಲುವು ನನಗೂ ಇಷ್ಟ. ಆದರೆ ನಮ್ಮ ಸೀಮೆಯ ರಸ್ತೆ, ನಮ್ಮ ಮಣ್ಣು, ನಮ್ಮ ಜೇಬು ಮೂರಕ್ಕೂ ಒಗ್ಗುವಂತೆ ಎಷ್ಟು ಇಳಿಸಬಹುದು ಎಂಬುದನ್ನು ಕಲಿಯಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಇಳಿಸುವ ಮೊದಲು, ಗಾಡಿಯನ್ನು ಯಾರು ಏರಿಸಿದ್ದಾರೆ ನೋಡಿ

ಕಳೆದ ವರ್ಷ ಗಜೇಂದ್ರಗಡದ ನೇಕಾರರ ಮನೆಯ ಹುಡುಗನೊಬ್ಬ ತೀರಿಹೋದ ತಂದೆಯ ಮಾರುತಿ 800 ತಂದ. 'ಕಾಕಾ, ಸ್ಪ್ರಿಂಗ್ ಒಂದೊಂದು ಸುತ್ತು ಕಟ್ ಮಾಡಿಕೊಡ್ರಿ, ಭಾಳ ರೊಕ್ಕ ಇಲ್ಲ' ಅಂದ. ಗಾಡಿಯನ್ನು ಜಾಕಿಗೆ ಏರಿಸಿ ಗಾಲಿ ಬಿಚ್ಚಿದೆ. ಮುಂದಿನ ಎರಡೂ ಸ್ಪ್ರಿಂಗುಗಳ ಸುತ್ತಿನ ನಡುವೆ ರಬ್ಬರ್ ಬಫರ್ ಸಿಕ್ಕಿಸಿದ್ದರು. ಹಿಂದೆಯೂ ಬಫರ್, ಅದು ಸಾಲದೆಂದು ಸ್ಪ್ರಿಂಗಿನ ಕೆಳಗೆ ಪ್ಯಾಕಿಂಗ್. ತಂದೆ ಸೀರೆಯ ಗಂಟು ಹೇರಿಕೊಂಡು ಸಂತೆಗಳಿಗೆ ತಿರುಗಿದ ಗಾಡಿ ಅದು. ಡಿಕ್ಕಿ ತುಂಬಿದಾಗ ಕುಸಿಯಬಾರದೆಂದು ಯಾರೋ ಮಿಸ್ತ್ರಿ ಅಷ್ಟೆಲ್ಲ ತುರುಕಿದ್ದ.

ಅವನ್ನೆಲ್ಲ ತೆಗೆದು ಗಾಡಿಯನ್ನು ನೆಲಕ್ಕಿಟ್ಟು, ನಾಲ್ಕಾರು ಸಲ ಒತ್ತಿ ಕುಣಿಸಿ ಅಳೆದೆವು. ಮುಂದೆ 20 ಮಿಲಿಮೀಟರು ಇಳಿದಿತ್ತು, ಹಿಂದೆ 30. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಬೆರಳು. ಒಂದು ಪೈಸೆ ಸಾಮಾನು ತರಲಿಲ್ಲ.

ನಮ್ಮ ಕಡೆಯ ಹಳೆಯ ಗಾಡಿಗಳಲ್ಲಿ ಹತ್ತಕ್ಕೆ ಆರು ಕಂಪನಿ ಕೊಟ್ಟ ಎತ್ತರದಲ್ಲಿ ಇರುವುದಿಲ್ಲ. ಮೆಣಸಿನಕಾಯಿ ಚೀಲಕ್ಕೆಂದು ಪದ್ಮಿನಿಗೆ, ಅಂಬಾಸಿಡರಿಗೆ ಹಿಂದಿನ ಲೀಫ್ ಸ್ಪ್ರಿಂಗಿನಲ್ಲಿ ಒಂದು ಪಾಟಾ ಹೆಚ್ಚು ಹಾಕಿಸಿರುತ್ತಾರೆ. 800ಕ್ಕೆ ಆಲ್ಟೋದ ಟೈರು ಹಾಕಿರುತ್ತಾರೆ. 800ರದು 145/70, ಆಲ್ಟೋದ್ದು 145/80, ರಿಮ್ಮು ಎರಡಕ್ಕೂ 12 ಇಂಚು. ಆ ಒಂದು ಅಂಕಿಯ ವ್ಯತ್ಯಾಸದಿಂದ ಗಾಡಿ ಹದಿನಾಲ್ಕೂವರೆ ಮಿಲಿಮೀಟರು ಎತ್ತರವಾಗುತ್ತದೆ. ಇದರಲ್ಲಿ ಹುಡುಗರು ಮೋಸಹೋಗುವ ಒಂದು ಗುಟ್ಟಿದೆ. ಟೈರು ಚಿಕ್ಕದು ಹಾಕಿದರೆ ಗಾಡಿ ನೆಲಕ್ಕೆ ಹತ್ತಿರವಾಗುವುದು ಖರೆ, ಆದರೆ ಮಡಗಾರ್ಡಿಗೂ ಟೈರಿಗೂ ನಡುವಿನ ಸಂದು ಅಗಲವಾಗಿ ಗಾಡಿ ಮೊದಲಿಗಿಂತ ಎತ್ತರ ನಿಂತಂತೆ ಕಾಣುತ್ತದೆ. ಕಣ್ಣಿಗೆ ಬೇಕಾದದ್ದು ಸಂದು, ರಸ್ತೆಗೆ ಬೇಕಾದದ್ದು ನೆಲದಂತರ. ಇವೆರಡನ್ನೂ ಬೇರೆ ಬೇರೆ ಅಳೆದು ಬರೆದಿಟ್ಟುಕೊಳ್ಳಿ.

2. ಕತ್ತರಿಸುವ ಮೊದಲು ಚೀಲ ಹಾಕಿ ನೋಡಿ

ಅಮೆರಿಕದ ಲಾಸ್ ಏಂಜಲೀಸಿನಲ್ಲಿ 1940ರ ದಶಕದಲ್ಲಿ ಮೆಕ್ಸಿಕೋ ಮೂಲದ ಬಡ ಹುಡುಗರು ಹಳೆಯ ಷೆವ್ರೊಲೆಗಳ ಡಿಕ್ಕಿಯಲ್ಲಿ ಮರಳು ಚೀಲ ಹೇರಿ ಗಾಡಿ ತಗ್ಗಿಸುತ್ತಿದ್ದರು. ಗಾಡಿ ಇಳಿಸುವ ದೊಡ್ಡ ಸಂಪ್ರದಾಯವೊಂದು ಅಲ್ಲಿ ಬೆಳೆದದ್ದು ಆ ಚೀಲಗಳಿಂದ. ಚೀಲದ ಗುಣವೆಂದರೆ ಬೇಡವಾದಾಗ ಇಳಿಸಬಹುದು. ಕತ್ತರಿಸಿದ ಸುತ್ತನ್ನು ಮತ್ತೆ ಅಂಟಿಸಲಾಗುವುದಿಲ್ಲ.

ನೇಕಾರರ ಹುಡುಗನಿಗೆ ಇನ್ನೂ ಒಂದು ಬೆರಳು ಇಳಿಯಬೇಕಿತ್ತು. ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟು, ಮುಂದಿನ ಸೀಟಿನ ಕಾಲಡಿ ಇನ್ನೊಂದು ಸಣ್ಣ ಚೀಲ ಇಟ್ಟು, ಅವನು ಕೇಳಿದ ಎತ್ತರಕ್ಕೆ ತಂದೆ. 'ಹಿಂಗ ನಾಲ್ಕು ದಿನ ಅಡ್ಡಾಡು ತಮ್ಮಾ, ನಿಮ್ಮ ಓಣ್ಯಾಗ, ನಿಮ್ಮ ಹೊಲದ ದಾರ್ಯಾಗ. ಆಮ್ಯಾಲೆ ಬಾ' ಎಂದು ಕಳಿಸಿದೆ.

ಮೂರನೇ ದಿನಕ್ಕೇ ಬಂದ. ಅವನ ಓಣಿಯ ಹಂಪಿಗೆ ಸೈಲೆನ್ಸರ್ ತಾಗಿ ಕೊಳವೆಯ ಜೋಡಣೆ ಸಡಿಲಾಗಿತ್ತು. ರಸ್ತೆ ಹಂಪಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಇದೆ: 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ, ದುಂಡಗಿನ ಬೆನ್ನು. ಅಂಥ ಹಂಪನ್ನು ಎರಡು ಬೆರಳು ಇಳಿಸಿದ ಗಾಡಿ ಸಲೀಸಾಗಿ ದಾಟುತ್ತದೆ. ಆದರೆ ಓಣಿಯವರು ತಾವೇ ಸಿಮೆಂಟು ಕಲಸಿ ಹಾಕಿದ ಹಂಪು ಒಂದೂವರೆ ಅಡಿ ಅಗಲ ಇದ್ದು, ಅದಕ್ಕಿಂತ ಎತ್ತರವಾಗಿ, ಕಡಿದಾಗಿ ಇರುತ್ತದೆ. 800ರ ನೆಲದಂತರ ಕಂಪನಿ ಲೆಕ್ಕದಲ್ಲಿ 170 ಮಿಲಿಮೀಟರು. ನಾಲ್ಕು ಜನ ಕೂತರೆ ಅದರಲ್ಲೂ ಕಡಿಮೆ. ಆ ಗಾಡಿ ಮೂರನೇ ಬೆರಳಿಗೆ ಇಳಿಯುವುದಿಲ್ಲ ಎಂದು ಹುಡುಗನಿಗೆ ನಾನು ಹೇಳಬೇಕಾಗಲಿಲ್ಲ. ಚೀಲವೇ ಹೇಳಿತು.

3. ಸ್ಪ್ರಿಂಗಿಗೆ ಬೆಂಕಿ ತೋರಿಸಬೇಡಿ

ಗೋಡೆಯ ಸ್ಪ್ರಿಂಗಿನ ಕಥೆ ಇದು. ಗದಗ ಬೇರೆ ಜಿಲ್ಲೆಯಾದ ಮರುವರ್ಷ, 1998. ನರಗುಂದದ ಗಿರಾಕಿಯೊಬ್ಬರ ಪದ್ಮಿನಿ. ಮುಂದಿನ ಭಾಗ ಸ್ವಲ್ಪ ತಗ್ಗಿಸಿಕೊಡಿ ಎಂದು ಕೇಳಿದರು. ಆಗ ನನ್ನ ಬಳಿ ಕಟಿಂಗ್ ಗಾಲಿ ಇರಲಿಲ್ಲ, ಗ್ಯಾಸ್ ಇತ್ತು. ಗ್ಯಾಸಿನಿಂದ ಮುಕ್ಕಾಲು ಸುತ್ತು ಕತ್ತರಿಸಿದೆ. ಅಷ್ಟು ಸಾಲದೆಂದು ಕೆಳಗಿನ ಒಂದು ಸುತ್ತನ್ನು ಕೆಂಪಗೆ ಕಾಯಿಸಿ ಕೂರಿಸಿದೆ. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಗಾಡಿ ಚಂದ ನಿಂತಿತ್ತು, ಅವರು ಖುಷಿಯಿಂದ ಹಣ ಕೊಟ್ಟು ಹೋದರು.

ಬನದ ಹುಣ್ಣಿಮೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬನಶಂಕರಿ ಜಾತ್ರೆಗೆ ಹೊರಟಿದ್ದರು. ಕುಳಗೇರಿ ಕ್ರಾಸಿನ ಹತ್ತಿರ ಸ್ಪ್ರಿಂಗ್ ಮುರಿಯಿತು. ಗಾಡಿ ಎಡಕ್ಕೆ ಕುಸಿದು, ಟೈರು ಮಡಗಾರ್ಡಿಗೆ ಒತ್ತಿ, ಸ್ಟೇರಿಂಗು ಕೈಯಿಂದ ಎಳೆದುಕೊಂಡು ರಸ್ತೆಯ ಅಂಚಿಗೆ ಹೋಗಿ ನಿಂತಿತು. ಹಿಂದೆ ಲಾರಿ ಇರಲಿಲ್ಲ, ಎಲ್ಲರೂ ಉಳಿದರು. ಸುದ್ದಿ ತಿಳಿದು ನಾನೇ ಹೋಗಿ ಗಾಡಿ ಎಳೆಸಿಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಕೂಸಿನ ಕುಲಾಯಿಯೊಂದು ಬಿದ್ದಿತ್ತು. ಅದನ್ನು ಅವರ ಮನೆಗೆ ಮುಟ್ಟಿಸಲು ಹೋದಾಗ ತಲೆ ಎತ್ತಿ ಮಾತಾಡಲಾಗಲಿಲ್ಲ.

ಸ್ಪ್ರಿಂಗಿನ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಕೆಂಪಗೆ ಕಾಯಿಸಿ ತಣ್ಣಗಾಗಲು ಬಿಟ್ಟರೆ ಆ ಹದ ಹೋಗುತ್ತದೆ. ಕಾದ ಭಾಗ ಮೆತ್ತಗಾಗುತ್ತದೆ, ಕಾಯದ ಭಾಗ ಗಟ್ಟಿಯಾಗೇ ಉಳಿಯುತ್ತದೆ. ಎರಡು ಕೂಡುವ ಜಾಗದಲ್ಲಿ, ದಿನಕ್ಕೆ ಸಾವಿರ ಸಲ ಬಾಗುವಾಗ, ಒಂದು ಕೂದಲೆಳೆಯ ಬಿರುಕು ಹುಟ್ಟುತ್ತದೆ. ಹಳೆಯ ಗಾಡಿ ಕೊಳ್ಳುವಾಗ ಸ್ಪ್ರಿಂಗಿನ ತುದಿ ನೋಡಿ. ಕರಗಿದ ಮೇಣದಂತೆ ಗಂಟುಗಂಟಾಗಿದ್ದರೆ ಅದು ಗ್ಯಾಸಿನ ಕೆಲಸ. ಸ್ಪ್ರಿಂಗ್ ಬದಲಿಸುವ ಖರ್ಚನ್ನು ಗಾಡಿಯ ಬೆಲೆಯಲ್ಲಿ ಹಿಡಿದು ಮಾತಾಡಿ.

4. ಕತ್ತರಿಸಿದ ಸ್ಪ್ರಿಂಗ್ ಕುಳ್ಳಗಾಗುವುದಷ್ಟೇ ಅಲ್ಲ, ಬಿರುಸೂ ಆಗುತ್ತದೆ

ಆರು ಸುತ್ತು ದುಡಿಯುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ತೆಗೆದರೆ ಉಳಿದ ಐದು ಸುತ್ತು ಶೇ. 20ರಷ್ಟು ಬಿರುಸಾಗುತ್ತವೆ. ತಂತಿಯ ದಪ್ಪದ ಲೆಕ್ಕ ಇನ್ನೂ ಕಠಿಣ: 10 ಮಿಲಿಮೀಟರಿನ ತಂತಿಯ ಬದಲು 11ರದು ಹಾಕಿದರೆ, ಸುತ್ತು ಅಷ್ಟೇ ಇದ್ದರೂ ಬಿರುಸು ಶೇ. 46 ಏರುತ್ತದೆ. ಗುಜರಿಯಿಂದ ಬೇರೆ ಗಾಡಿಯ ಸ್ಪ್ರಿಂಗ್ ತಂದು 'ಕೂರುತ್ತದೆ' ಎಂದು ಹಾಕುವವರು ಇದನ್ನು ನೆನಪಿಡಬೇಕು.

800ರ ಮುಂದಿನ ಸ್ಟ್ರಟ್ಟಿನಲ್ಲಿ ಸ್ಪ್ರಿಂಗ್ ಎಷ್ಟು ಕುಳ್ಳಗಾಯಿತೋ ಗಾಡಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪದ್ಮಿನಿಯಂತೆ ಎರಡು ಆರ್ಮ್ ಇರುವ ಗಾಡಿಯಲ್ಲಿ ಹಾಗಲ್ಲ. ಸ್ಪ್ರಿಂಗ್ ಆರ್ಮಿನ ತುದಿಯಲ್ಲಿರದೆ ಒಳಗಡೆ ಕೂತಿರುವುದರಿಂದ ಅಲ್ಲಿ ಒಂದು ಇಂಚು ಕಡಿಮೆಯಾದರೆ ಗಾಲಿಯಲ್ಲಿ ಒಂದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ನಾನು ಆ ಪದ್ಮಿನಿಯಲ್ಲಿ ಮಾಡಿದ ಎರಡನೇ ತಪ್ಪು ಇದೇ.

ಇನ್ನೊಂದು ಪರೀಕ್ಷೆ. ಗಾಡಿ ಜಾಕಿನ ಮೇಲಿದ್ದು ಗಾಲಿ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಅದು ತನ್ನ ಬಟ್ಟಲಲ್ಲಿ ಬಿಗಿಯಾಗಿ ಕೂತಿಲ್ಲ. ಗುಂಡಿಯಲ್ಲಿ ಗಾಲಿ ಇಳಿದು ಏರುವಷ್ಟರಲ್ಲಿ ಜಾಗ ಬಿಟ್ಟು ಕೂರುತ್ತದೆ. ಅಂಥ ಗಾಡಿಯನ್ನು ನಾನು ಗ್ಯಾರೇಜಿನಿಂದ ಹೊರಗೆ ಬಿಡುವುದಿಲ್ಲ.

5. ಪಾಟಾ ಗಾಡಿಗಳಲ್ಲಿ ಕೆಲಸ ಅಗ್ಗ, ಜಾಣತನ ಬೇಕು

ಪದ್ಮಿನಿ, ಅಂಬಾಸಿಡರ್ ಎರಡಕ್ಕೂ ಹಿಂದೆ ಪಾಟಾ. ಹೆಚ್ಚಿಗೆ ಹಾಕಿದ ಪಾಟಾ ತೆಗೆದು, ಉಳಿದವನ್ನು ಬಿಚ್ಚಿ ತುಕ್ಕು ಉಜ್ಜಿ ಗ್ರೀಸು ಹಚ್ಚಿ ಕೂಡಿಸಿದರೆ ಸಾಕು, ಅರ್ಧ ಗಾಡಿ ತನ್ನ ಮೂಲ ಎತ್ತರಕ್ಕೆ ಬಂದು ನಿಲ್ಲುತ್ತದೆ. ಕುಲುಕುವುದೂ ಕಡಿಮೆಯಾಗುತ್ತದೆ. ಕಂಪನಿ ಕೊಟ್ಟ ಪಾಟಾಗಳಲ್ಲಿ ಮಾತ್ರ ಒಂದನ್ನೂ ತೆಗೆಯಬಾರದು. ಅವು ಭಾರಕ್ಕೆ ಲೆಕ್ಕ ಹಾಕಿ ಇಟ್ಟವು.

ಆ್ಯಕ್ಸಲ್ಲಿಗೂ ಪಾಟಾಕ್ಕೂ ನಡುವೆ ಬ್ಲಾಕ್ ಇಡುವ ಪದ್ಧತಿ ಇದೆ. ಪಾಟಾ ಆ್ಯಕ್ಸಲ್ಲಿನ ಕೆಳಗೆ ಹಾದಿದ್ದರೆ ಬ್ಲಾಕಿನಿಂದ ಗಾಡಿ ಇಳಿಯುತ್ತದೆ, ಮೇಲೆ ಹಾದಿದ್ದರೆ ಏರುತ್ತದೆ. ಇದನ್ನು ನೋಡದೆ ಬ್ಲಾಕ್ ಮಾಡಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಕಟ್ಟಿಗೆಯ ಬ್ಲಾಕಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಒಣಗಿ ಯು ಬೋಲ್ಟು ಸಡಿಲಾಗಿ, ಆ್ಯಕ್ಸಲ್ ಸೊಟ್ಟ ತಿರುಗುತ್ತದೆ.

ಅಂಬಾಸಿಡರಿನ ಮುಂದೆ ಸ್ಪ್ರಿಂಗೇ ಇಲ್ಲ, ಉದ್ದನೆಯ ಟಾರ್ಷನ್ ಬಾರ್ ಇದೆ. ಅದರ ಹಲ್ಲು ಬದಲಿಸಿ ಕೂರಿಸಿದರೆ ಎತ್ತರ ಬದಲಾಗುತ್ತದೆ, ಬಿರುಸು ಬದಲಾಗುವುದಿಲ್ಲ. ಸಾಮಾನಿನ ಖರ್ಚಿಲ್ಲ, ಮಜೂರಿ ಅಷ್ಟೇ. ಬಿಚ್ಚುವ ಮೊದಲು ಹಲ್ಲಿನ ಗುರುತು ಹಾಕಿಕೊಳ್ಳಿ.

6. ಎರಿ ಮಣ್ಣಿಗೆ ಸಂದು ಬಿಡಿ

ಬೆಂಗಳೂರಿನ ಹುಡುಗರ ಗಾಡಿಯ ಫೋಟೋ ತೋರಿಸಿ 'ಮಡಗಾರ್ಡಿನಾಗ ಬೆರಳ ಹೋಗಬಾರದು, ಹಂಗ ಮಾಡ್ರಿ' ಅನ್ನುತ್ತಾರೆ. ಅಲ್ಲಿ ಅದು ನಡೆದೀತು. ಇಲ್ಲಿ ನಡೆಯುವುದಿಲ್ಲ, ಕಾರಣ ಮಣ್ಣು.

ನರಗುಂದ, ರೋಣದ ಎರಿ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ರಸ್ತೆ ಎರಡು ಮಳೆಗಾಲದಲ್ಲಿ ಅಲೆಅಲೆಯಾಗುತ್ತದೆ. ಗುಂಡಿಯಾದರೆ ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಅಲೆ ಕಾಣುವುದಿಲ್ಲ. ಅರವತ್ತರ ವೇಗದಲ್ಲಿ ಹೋಗುವಾಗ ಮೊದಲ ಅಲೆ ಸ್ಪ್ರಿಂಗನ್ನು ಕುಗ್ಗಿಸುತ್ತದೆ, ಎರಡನೆಯದು ಅದು ಹಿಗ್ಗುವ ಮೊದಲೇ ಮತ್ತೆ ಒತ್ತುತ್ತದೆ, ಮೂರನೆಯದಕ್ಕೆ ಗಾಡಿಯ ಹೊಟ್ಟೆ ನೆಲಕ್ಕೆ. ಗಜೇಂದ್ರಗಡದ ಗುಡ್ಡದ ಕಡೆ ಮಸಾರಿ ನೆಲ, ಅಲ್ಲಿ ಈ ತಾಪತ್ರಯ ಕಡಿಮೆ.

ಬೆಣ್ಣಿಹಳ್ಳದ ಕಡೆಯ ಊರಿನ ಒಬ್ಬ ರೈತ, ಬೇರೆಡೆ ಇಳಿಸಿಕೊಂಡ 800ನ್ನು ಹೆಸರು ಬಿಡಿಸುವ ಹೊತ್ತಿಗೆ ಹೊಲಕ್ಕೆ ಒಯ್ದಿದ್ದ. ಹಿಂದಿನ ರಾತ್ರಿ ಮಳೆಯಾಗಿತ್ತು. ಫೋನು ಬಂತು, ಹೋದೆ. ಗಾಡಿ ದಾರಿಯ ನಡುವೆ ನಿಂತಿತ್ತು. ಎಂಜಿನ್ ಚಾಲೂ ಇದೆ, ಗೇರು ಬೀಳುತ್ತದೆ, ಗಾಲಿ ತಿರುಗುವುದಿಲ್ಲ. ಕೂತು ನೋಡಿದರೆ ಟೈರಿಗೂ ಮಡಗಾರ್ಡಿಗೂ ನಡುವೆ ಎರಿ ಮಣ್ಣು ಇಟ್ಟಂಗಿ ಹಾಕಿದ ಹಾಗೆ ಬಿಗಿದುಕೊಂಡಿತ್ತು, ಅದರೊಳಗೆ ಹೆಸರಿನ ಕಟ್ಟಿಗೆ, ಹುಲ್ಲು ಎಲ್ಲ ಸೇರಿ. ಕುಡುಗೋಲಿನ ತುದಿಯಿಂದ ಕೆರೆಕೆರೆದು ಎರಡು ತಾಸು ತೆಗೆದೆವು. ಗಾಲಿಯ ಒಳಗಡೆ ಬ್ರೇಕಿನ ಹೋಸ್ ಪೈಪು ಮಣ್ಣಿನ ಒತ್ತಡಕ್ಕೆ ತಿರುಚಿ ಟೈರಿಗೆ ಉಜ್ಜಿತ್ತು. ಮೇಲಿನ ರಬ್ಬರು ಹರಿದು ದಾರ ಕಾಣುತ್ತಿತ್ತು. ಅಂದಿನಿಂದ ನನ್ನ ಅಳತೆ ಇದು: ಮುಂದಿನ ಗಾಲಿ ಪೂರ್ತಿ ತಿರುಗಿಸಿ, ನಾಲ್ಕು ಜನ ಕೂತಾಗ, ಟೈರಿನ ಮೇಲೆ ಮೂರು ಬೆರಳು ಒಟ್ಟಾಗಿ ಹೋಗಬೇಕು.

7. ಉಳಿಸಿದ ಹಣ ಶಾಕಪ್ಪಿಗೆ ಹಾಕಿ

ಗಾಡಿ ಒಂದು ಇಂಚು ಇಳಿಯಿತೆಂದರೆ ಗಾಲಿಗೆ ಮೇಲೇಳಲು ಇದ್ದ ಜಾಗದಲ್ಲಿ ಒಂದು ಇಂಚು ಹೋಯಿತು. ಉಳಿದ ಜಾಗದಲ್ಲಿ ಗಾಡಿಯನ್ನು ತಡೆಯಬೇಕಾದದ್ದು ಶಾಕಪ್. ಹಳೆಯ ಗಾಡಿಯ ಸೋರುವ ಶಾಕಪ್ ಹಾಗೇ ಬಿಟ್ಟು ಸ್ಪ್ರಿಂಗಿಗೆ ಕೈ ಹಾಕಿದರೆ, ಪ್ರತಿ ಗುಂಡಿಗೂ ಬಂಪ್ ರಬ್ಬರ್ ಬಡಿಯುತ್ತದೆ, ಆ ಪೆಟ್ಟು ನೇರ ಬಾಡಿಯ ವೆಲ್ಡಿಂಗಿಗೆ ಹೋಗುತ್ತದೆ. ಬಂಪ್ ರಬ್ಬರನ್ನೇ ಕತ್ತರಿಸಿ ಬಿಸಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊನೆಯಲ್ಲಿ ಶಾಕಪ್ಪನ್ನೂ ನಿಮ್ಮ ಬೆನ್ನನ್ನೂ ಕಾಯುವುದು ಅದು.

ಎಷ್ಟು ಜಾಗ ಉಳಿದಿದೆ ಎಂದು ತಿಳಿಯಲು ಎರಡು ರೂಪಾಯಿಯ ಉಪಾಯ ಇದೆ. ಮುಂದಿನ ಸ್ಟ್ರಟ್ಟಿನ ಧೂಳು ಮುಚ್ಚುವ ರಬ್ಬರನ್ನು ಮೇಲೆ ಸರಿಸಿ, ಹೊಳೆಯುವ ರಾಡಿಗೆ ಸಣ್ಣ ಕೇಬಲ್ ಟೈ ಬಿಗಿದು, ಅದನ್ನು ಕೆಳಗಿನ ಆಯಿಲ್ ಸೀಲಿಗೆ ತಾಗುವಂತೆ ಸರಿಸಿಡಿ. ಬಾಲವನ್ನು ಕತ್ತರಿಸಿಬಿಡಿ. ನಾಲ್ಕು ಜನರನ್ನು ಕೂರಿಸಿಕೊಂಡು ದಿನವೂ ಹೋಗುವ ರಸ್ತೆಯಲ್ಲಿ ಹೋಗಿ ಬನ್ನಿ. ಸ್ಟ್ರಟ್ ಕುಗ್ಗಿದಾಗಲೆಲ್ಲ ಸೀಲು ಆ ಟೈಯನ್ನು ಮೇಲೆ ತಳ್ಳುತ್ತದೆ. ಹಿಗ್ಗಿದಾಗ ಟೈ ಅಲ್ಲೇ ನಿಲ್ಲುತ್ತದೆ. ಅದು ನಿಂತ ಜಾಗದಿಂದ ಬಂಪ್ ರಬ್ಬರಿನವರೆಗೆ ಎಷ್ಟಿದೆಯೋ ಅಷ್ಟೇ ನಿಮ್ಮ ಬಂಡವಾಳ.

ನೇಕಾರರ ಹುಡುಗನ ಗಾಡಿಗೆ ಹೊಸ ಶಾಕಪ್, ಸ್ಟ್ರಟ್ಟಿನ ಮೇಲಿನ ಬೇರಿಂಗು, ಲೋವರ್ ಆರ್ಮಿನ ಬುಷ್ ಹಾಕಿ, ನಾನೂ ಅವನೂ ಅವನ ಗೆಳೆಯರಿಬ್ಬರೂ ಸೂಡಿಗೆ ಹೋಗಿ ಬಂದೆವು. ಟೈ ಬಂಪ್ ರಬ್ಬರಿನಿಂದ 9 ಮಿಲಿಮೀಟರು ಕೆಳಗೆ ನಿಂತಿತ್ತು. ಹುಡುಗ ಮಂಡಿಯೂರಿ ಸ್ಕೇಲು ಹಿಡಿದು ಎರಡೆರಡು ಸಲ ಅಳೆದ. 'ಮೂರನೇ ಬೆರಳ ಇಳಿಸಿದ್ರ ಇದು ಎಲ್ಲಿ ಇರ್ತಿತ್ತು ಕಾಕಾ?' ಎಂದು ಕೇಳಿದ. ಬಂಪ್ ರಬ್ಬರಿನೊಳಗೆ ಬೆರಳಿಟ್ಟು ತೋರಿಸಿದೆ.

8. ಸ್ಟ್ರಟ್ಟಿನ ಮೇಲಿನ ನಟ್ಟು

ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಬಿಗಿಯದೆ ಆ ನಟ್ಟಿಗೆ ಪಾನಾ ಹಚ್ಚಬೇಡಿ. ಒಳಗೆ ಒತ್ತಿಟ್ಟ ಸ್ಪ್ರಿಂಗ್ ಇದೆ, ಹಾರಿದರೆ ಮುಖಕ್ಕೇ ಬರುತ್ತದೆ. ಮನೆಯಂಗಳದಲ್ಲಿ ಈ ಕೆಲಸ ಮಾಡಿ ದವಡೆ ಒಡೆದುಕೊಂಡವನೊಬ್ಬನನ್ನು ನಾನೇ ಗದಗಿನ ಆಸ್ಪತ್ರೆಗೆ ಒಯ್ದಿದ್ದೇನೆ. ಕಂಪ್ರೆಸರ್ ಇಲ್ಲದಿದ್ದರೆ ಬಾಡಿಗೆಗೆ ತನ್ನಿ, ಇಲ್ಲವೇ ಸ್ಟ್ರಟ್ ಬಿಚ್ಚಿ ಗ್ಯಾರೇಜಿಗೆ ತನ್ನಿ.

9. ಇಳಿಸಿದ ದಿನವೇ ಅಲೈನ್‌ಮೆಂಟ್

ಎತ್ತರ ಬದಲಾದರೆ ಗಾಲಿಯ ನಿಲುವೂ ಬದಲಾಗುತ್ತದೆ. ಟೈ ರಾಡಿನ ಕೋನ ಬದಲಾಗಿ ಗಾಲಿಗಳು ಒಳಗೋ ಹೊರಗೋ ತಿರುಗುತ್ತವೆ, ಟೈರಿನ ಒಂದು ಅಂಚು ಎರಡು ತಿಂಗಳಲ್ಲಿ ಬೋಳಾಗುತ್ತದೆ. ಕಂಪ್ಯೂಟರ್ ಅಲೈನ್‌ಮೆಂಟಿಗೆ ಹೋಗುವುದು ಮರುದಿನಕ್ಕಿದ್ದರೆ, ಎರಡೂ ಬದಿಗೆ ಸಮಾಂತರ ದಾರ ಕಟ್ಟಿ ರಿಮ್ಮಿನ ಮುಂದಿನ ಹಿಂದಿನ ಅಂಚಿನಿಂದ ಅಳೆದು ಟೈ ರಾಡ್ ಸರಿ ಮಾಡಿಕೊಂಡು ಹೊರಡಿ. ಅಲ್ಲಿವರೆಗೆ ಟೈರು ಉಳಿಯುತ್ತದೆ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಎಂದು ಗೋಡೆಯ ಮೇಲೆ ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರ ನೋಡಿ ಹೊಂದಿಸುವ ವಾಲ್ವು ಆ್ಯಕ್ಸಲ್ಲಿಗೆ ಕಡ್ಡಿಯಿಂದ ಕೂಡಿರುತ್ತದೆ. ಹಿಂದೆ ಇಳಿಸಿದರೆ ಆ ವಾಲ್ವು ಗಾಡಿ ತುಂಬಿದೆ ಎಂದೇ ತಿಳಿಯುತ್ತದೆ, ಖಾಲಿ ಗಾಡಿಯ ಹಿಂದಿನ ಗಾಲಿ ಬ್ರೇಕಿಗೆ ಜಾಮಾಗಿ ಜಾರುತ್ತದೆ. ಅದರ ಕಡ್ಡಿ ಹೊಂದಿಸುವುದನ್ನು ಮರೆಯಬೇಡಿ.

10. ಕಾಯ್ದೆ, ಮತ್ತು ತೆಗೆದ ಸಾಮಾನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ಕಂಪನಿ ಮೊದಲು ನಮೂದಿಸಿದ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ 182ಎ ಕಲಮನ್ನು ಬದಲಿಸಿತು: ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಆರ್‌ಸಿಯಲ್ಲಿ ಸ್ಪ್ರಿಂಗಿನ ಎತ್ತರ ಬರೆದಿರುವುದಿಲ್ಲ ಎಂದು ವಾದಿಸುವವರಿದ್ದಾರೆ. ಹಳೆಯ ಗಾಡಿ ಇಟ್ಟುಕೊಂಡವರು ಆ ವಾದ ನಂಬಿ ಕೂರಬಾರದು. ಹದಿನೈದು ವರ್ಷ ತುಂಬಿದ ಗಾಡಿಯನ್ನು ಗದಗಿನ ಕಚೇರಿಗೆ ಒಯ್ದು ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬೇಕು. ಕತ್ತರಿಸಿದ ಸ್ಪ್ರಿಂಗ್ ಇನ್‌ಸ್ಪೆಕ್ಟರ ಕಣ್ಣಿಗೆ ಬೀಳದೆ ಇರುವುದಿಲ್ಲ. ಸಂಶಯವಿದ್ದರೆ ಕೆಲಸಕ್ಕೆ ಮೊದಲೇ ಹೋಗಿ ಕೇಳಿಕೊಂಡು ಬನ್ನಿ.

2019ರ ನಂತರ ನಾನು ಸ್ಪ್ರಿಂಗ್ ಕತ್ತರಿಸಿಲ್ಲ. ಏರಿಸಿದ್ದನ್ನು ತೆಗೆಯುತ್ತೇನೆ, ಪಾಟಾ ತೊಳೆಯುತ್ತೇನೆ, ಟಾರ್ಷನ್ ಬಾರನ್ನು ಕಂಪನಿಯ ಎತ್ತರಕ್ಕೆ ತರುತ್ತೇನೆ, ಬುಷ್ ಶಾಕಪ್ ಹೊಸದು ಹಾಕುತ್ತೇನೆ. ಎರಡು ಬೆರಳು ಅಲ್ಲೇ ಸಿಗುತ್ತದೆ. ತೆಗೆದ ಪ್ರತಿ ಸಾಮಾನನ್ನೂ ಗೋಣಿಚೀಲದಲ್ಲಿ ಕಟ್ಟಿ ಗಿರಾಕಿಗೇ ಕೊಡುತ್ತೇನೆ, ನಾಳೆ ಭಾರ ಹೇರುವ ಕಾಲ ಬಂದರೆ ಇರಲಿ ಎಂದು.

ನೇಕಾರರ ಹುಡುಗನಿಗೂ ಹಾಗೇ ಕಟ್ಟಿಕೊಟ್ಟಿದ್ದೆ. ಮೊನ್ನೆ ಶ್ರಾವಣದಲ್ಲಿ ಕಾಲಕಾಲೇಶ್ವರಕ್ಕೆ ಹೋದವನು ಅವನ ಮನೆಗೂ ಹೋಗಿಬಂದೆ. ಗಾಡಿ ಬಾಗಿಲಲ್ಲಿ ತಗ್ಗಿ ನಿಂತಿತ್ತು, ಒರೆಸಿ ಹೊಳೆಯುತ್ತಿತ್ತು. ಒಳಗೆ ಅವನ ತಾಯಿ ಮಗ್ಗದ ಹತ್ತಿರ ಕರೆದು ತೋರಿಸಿದರು: ಬಫರಿನ ನಾಲ್ಕು ರಬ್ಬರುಗಳನ್ನು ಮಗ್ಗದ ನಾಲ್ಕು ಕಾಲಿನ ಕೆಳಗೆ ಕೊಟ್ಟಿದ್ದರು. 'ಸಪ್ಪಳ ಕಡಿಮಿ ಆಗೇತ್ರಿ ಅಣ್ಣಾರ' ಅಂದರು.